ಐದನೆಯ ಕವಲು

ಒಂದು ಹುಳಕ್ಕೆ ನನ್ನ ಹೆಸರು ಇಡುತ್ತಾರೆ ಎಂದು ಗೊತ್ತಾದ ದಿನ ನಾನು ರೊಟ್ಟಿ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಮೊಮ್ಮಗಳು ಒಂದು ಚೂರು ಬಾಯಿಗಿಟ್ಟು, ಮುಖ ಕಿವುಚಿ, ಮತ್ತೆ ನನ್ನ ಮುಖ ನೋಡಿ ಸುಮ್ಮನೆ ನುಂಗಿದಳು. ಅಷ್ಟು ಹಿಗ್ಗಿದ್ದೆ. ಆ ಹೆಸರು ಕೊನೆಗೆ ಇಡಲಿಲ್ಲ, ಇನ್ನು ಇಡುವುದೂ ಇಲ್ಲ. ಅದನ್ನು ಇಲ್ಲೇ ಹೇಳಿಬಿಟ್ಟರೆ ಓದುವವರಿಗೂ ನನಗೂ ಸುಲಭ. ಆದರೂ ಬರೆಯಲು ಕೂತಿದ್ದೇನೆ. ಮೊಮ್ಮಗಳ ವಿಷಯ ಬಾಯಲ್ಲಿ ಹೇಳಿ ಮುಗಿಯುತ್ತಿಲ್ಲ. ಪಕ್ಕದ ಮನೆಯವಳು ನನ್ನನ್ನು ಕಂಡರೆ ಈಗ ಬಟ್ಟೆ ಒಣಗಿಸುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತಾಳೆ.

ಮೊಮ್ಮಗಳು ಪೊನ್ನಂಪೇಟೆಯಲ್ಲಿ ಅರಣ್ಯದ ಓದು ಮುಗಿಸಿ, ಆಮೇಲೆ ದೂರದ ಊರಿನಲ್ಲಿ ಹುಳಗಳ ಓದಿಗೆ ಸೇರಿದವಳು. ಈ ಸಲ ಮಳೆ ಹಿಡಿದಾಗ ಮೂರು ತಿಂಗಳಿಗೆಂದು ನಮ್ಮ ಮನೆಗೆ ಬಂದಳು. ನಮ್ಮ ಮನೆ ಕುಶಾಲನಗರದಿಂದ ಸ್ವಲ್ಪ ಒಳಗೆ. ಅವಳ ಅಮ್ಮ, ಅಂದರೆ ನನ್ನ ಮಗಳು, ಮಡಿಕೇರಿಯ ಒಂದು ಆಫೀಸಿಗೆ ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ. ಹಗಲೆಲ್ಲ ನಾವಿಬ್ಬರೇ. ಕಿಟಕಿಯ ಪಕ್ಕದ ಮೇಜಿನ ಮೇಲೆ ಅವಳ ಕಂಪ್ಯೂಟರು, ದೊಡ್ಡ ದೊಡ್ಡ ಫೋಟೋ ಹಾಳೆಗಳು, ಅವುಗಳ ಮೇಲೆ ಹೊದಿಸಿ ಗೆರೆ ಎಳೆಯುವ ತೆಳು ಕಾಗದ. ಆ ಮೇಜಿನ ಇನ್ನೊಂದು ಬದಿಯಲ್ಲಿ ನಾನು ಬೀನ್ಸ್ ಸೋಸುತ್ತಲೋ ಅಕ್ಕಿ ಆರಿಸುತ್ತಲೋ ಕೂರುತ್ತಿದ್ದೆ. ಅವಳು ಓದುವುದನ್ನು ಎದುರಿಗೆ ಕೂತು ನೋಡುವುದು ನನಗೆ ಊಟ ಮಾಡಿದ ಹಾಗೆ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು.

ಮೊದಲ ವಾರವೇ ಕೇಳಿದೆ, "ಇದೇನೇ ಮಗ, ಎಲೆಯಾ?"

"ರೆಕ್ಕೆ ಕಣಜ್ಜಿ. ಕಲ್ಲಿನಲ್ಲಿ ಅಚ್ಚಾಗಿರೋ ರೆಕ್ಕೆ. ಚೇಳುನೊಣದ್ದು."

"ಅಯ್ಯೋ, ಕಡಿಯುತ್ತೇನೇ?"

"ಇಲ್ಲಜ್ಜಿ. ಗಂಡಿನ ಬಾಲದ ತುದಿ ಚೇಳಿನ ಥರ ಮೇಲಕ್ಕೆ ಮಡಚಿಕೊಂಡಿರುತ್ತೆ ಅಷ್ಟೆ. ಅದರಲ್ಲಿ ವಿಷ ಇಲ್ಲ, ಮುಳ್ಳೂ ಇಲ್ಲ. ಚೇಳಂತೂ ಅಲ್ಲ. ನೊಣಾನೂ ಅಲ್ಲ. ನೊಣಕ್ಕೆ ಎರಡು ರೆಕ್ಕೆ, ಇದಕ್ಕೆ ನಾಕು."

"ಚೇಳೂ ಅಲ್ಲ, ನೊಣಾನೂ ಅಲ್ಲ ಅಂದ್ಮೇಲೆ ಇಂಥ ಹೆಸರು ಯಾಕೆ ಇಟ್ರೋ."

"ನಿನ್ನ ಮಸ್ಟರ್ ರೋಲಿನಲ್ಲಿ ಬರೆದಂಗೇ," ಎಂದು ನಕ್ಕಳು.

ಆ ಮಾತು ಹೇಳಬೇಕು. ನಾನು ಇಪ್ಪತ್ತಾರು ವರ್ಷ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸ ಮಾಡಿದೆ. ಸೇರಿದ ದಿನ ರೈಟರ್, ಅಂದರೆ ಅಲ್ಲಿನ ಗುಮಾಸ್ತ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುವಾಗ ಒಂದು ಅಕ್ಷರ ನುಂಗಿಬಿಟ್ಟ. ಹಾಗೆ ಬರೆದರೆ ಅದು ಹೆಸರೇ ಅಲ್ಲ, ಅರ್ಥವೂ ಇಲ್ಲ. ತಿದ್ದಿ ಎಂದು ಹೇಳುವ ಧೈರ್ಯ ಆ ವಯಸ್ಸಿನಲ್ಲಿ ಇರಲಿಲ್ಲ. ದಿನಾ ಬೆಳಿಗ್ಗೆ ಆ ತಪ್ಪು ಹೆಸರು ಕೂಗುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಅಲ್ಲಿಂದ ಅದು ಎಲ್ಲ ಚೀಟಿಗೂ ಹೋಯಿತು. ರೇಷನ್ ಕಾರ್ಡಿನಲ್ಲಿ ಇನ್ನೊಂದು ತಪ್ಪು. ನನ್ನ ಸರಿಯಾದ ಹೆಸರು ಬರೆದಿರುವ ಕಾಗದ ಲೋಕದಲ್ಲಿ ಒಂದೂ ಇರಲಿಲ್ಲ.

ಮೊಮ್ಮಗಳ ಕೆಲಸ ಏನೆಂದು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಈ ಚೇಳುನೊಣಗಳಲ್ಲಿ ಒಂದು ಕುಲ ಬಹಳ ಹಿಂದೆ, ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಪೂರ್ತಿ ಅಳಿದುಹೋಗಿದೆ. ಉಳಿದಿರುವುದು ಕಲ್ಲಿನಲ್ಲಿ ರೆಕ್ಕೆಯ ಅಚ್ಚು ಮಾತ್ರ. ಮೈ ಇಲ್ಲ, ಕಾಲಿಲ್ಲ, ಆ ಬಾಲವೂ ಇಲ್ಲ. ಕುಲ ಎಂದ ತಕ್ಷಣ ನಾನು, "ಯಾವ ಕುಲವೇ, ನಮ್ಮವರಾ?" ಎಂದಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು.

"ನೀನು ಬೀಜ ವಿಂಗಡಿಸ್ತಿದ್ದೆಯಲ್ಲ ಅಜ್ಜಿ, ಹಂಗೇ. ಮೊದಲು ಏನು ನೋಡ್ತಿದ್ರಿ?"

"ಅರೇಬಿಕಾನಾ ರೋಬಸ್ಟಾನಾ ಅಂತ."

"ಆಮೇಲೆ?"

"ತೊಳೆದು ಒಣಗಿಸಿದ ಪಾರ್ಚ್‌ಮೆಂಟಾ, ಹಣ್ಣಿನ ಸಮೇತ ಒಣಗಿಸಿದ ಚೆರಿಯಾ. ಆಮೇಲೆ ಗಾತ್ರ ನೋಡಿ ಎ, ಬಿ, ಸಿ. ಉಂಡೆ ಬೀಜ ಬೇರೆ. ಕಪ್ಪು, ಚೂರು, ಹುಳ ಕೊರೆದದ್ದು ಬೇರೆ."

"ಇದೂ ಅಷ್ಟೇ. ಗಣ, ಅದರೊಳಗೆ ಕುಟುಂಬ, ಅದರೊಳಗೆ ಕುಲ, ಕುಲದೊಳಗೆ ಒಂದೊಂದು ಪ್ರಭೇದ. ನಾನು ನೋಡ್ತಿರೋ ಕುಲ ನಿಜವಾಗಿ ಬೇರೆ ರಾಶಿಯದಾ, ಇಲ್ಲಾ ಪಕ್ಕದ ದೊಡ್ಡ ರಾಶಿಯದೇನಾ ಅನ್ನೋದೇ ಜಗಳ."

ಜಗಳ ನಿಂತಿದ್ದದ್ದು ಎರಡು ಗೆರೆಗಳ ಮೇಲೆ. ರೆಕ್ಕೆಯ ಮುಂದಂಚಿಗೆ ಅಂಟಿದ ಹಾಗೆ ಒಂದು ನರ ಓಡುತ್ತದೆ. ದೊಡ್ಡ ರಾಶಿಯವಕ್ಕೆ ಅದು ಉದ್ದ, ತುದಿಯ ಹತ್ತಿರದ ಕಪ್ಪು ಮಚ್ಚೆಯವರೆಗೂ ಹೋಗುತ್ತದೆ. ಈ ಕುಲಕ್ಕೆ ಗಿಡ್ಡ, ನಡುವಿಗೇ ನಿಂತುಬಿಡುತ್ತದೆ. ಇನ್ನು ರೆಕ್ಕೆಯ ಮಧ್ಯದಲ್ಲಿ ಒಂದು ನರ ಒಡೆದು ಕವಲಾಗುತ್ತದೆ. ದೊಡ್ಡ ರಾಶಿಯವಕ್ಕೆ ನಾಲ್ಕು ಕವಲು, ಈ ಕುಲಕ್ಕೆ ಐದು. ಆದರೆ ಮುಂದಂಚಿನ ನರ ಕಲ್ಲಿನಲ್ಲಿ ಎಷ್ಟೋ ಸಲ ಅಳಿಸಿಹೋಗಿರುತ್ತದಂತೆ. ಗಿಡ್ಡವಾಗಿದೆಯೋ, ಉದ್ದವಿದ್ದದ್ದು ಸವೆದಿದೆಯೋ ಹೇಳುವುದು ಕಷ್ಟ. ಹಾಗಾಗಿ ಎಲ್ಲ ಭಾರವೂ ಆ ಐದನೆಯ ಕವಲಿನ ಮೇಲೆ. ಕುಲಕ್ಕೆ ಹೆಸರಿಟ್ಟ ಮೊದಲ ಕಲ್ಲಿನಲ್ಲಿ ಐದನೆಯ ಕವಲು ಇರಬೇಕಾದ ಕಡೆಯೇ ಒಂದು ಬಿರುಕಿದೆ. ಇದೆ ಎಂದವರೂ ಇದ್ದಾರೆ, ಇಲ್ಲ ಎಂದವರೂ ಇದ್ದಾರೆ.

ನನ್ನ ಮೊಮ್ಮಗಳಿಗೆ ಇನ್ನೊಂದು ಕಲ್ಲಿನ ಫೋಟೋ ಸಿಕ್ಕಿತ್ತು. ಬೇರೆ ದೇಶದ ಒಂದು ಸಂಗ್ರಹದಲ್ಲಿ ಯಾರೂ ನೋಡದೆ ಬಿದ್ದಿದ್ದ ಕಲ್ಲು. ಅದರಲ್ಲಿ ಐದು ಕವಲು ಚೆನ್ನಾಗಿ ಕಾಣುತ್ತಿತ್ತು. ರೆಕ್ಕೆಯ ಬುಡ ಮೊದಲ ಕಲ್ಲಿನದಕ್ಕಿಂತ ಸಣ್ಣಗೆ, ಮಚ್ಚೆಗಳ ಜಾಗವೂ ಬೇರೆ. ಅಂದರೆ ಕುಲ ನಿಜ, ಅದರೊಳಗೆ ಇದು ಹೊಸದೊಂದು ಪ್ರಭೇದ. ಹೊಸದಾದರೆ ಹೆಸರಿಡುವವಳು ಅವಳು.

"ನಿನ್ನ ಹೆಸರು ಯಾವ ಥರ ಬರೆದರೆ ಸರಿ ಅಜ್ಜಿ?" ಎಂದು ಒಂದು ಬೆಳಿಗ್ಗೆ ಕೇಳಿದಳು. "ಇಂಗ್ಲಿಷಿನಲ್ಲಿ ಹಾಕಬೇಕು. ಹೆಂಗಸಿನ ಹೆಸರಾದರೆ ಕೊನೆಗೆ ಎರಡಕ್ಷರದ ಒಂದು ಬಾಲ ಸೇರುತ್ತೆ."

"ನಂಗೂ ಬಾಲನಾ?"

"ಕಡಿಯಲ್ಲ, ಹೆದರಬೇಡ."

ಒಂದು ಚೀಟಿಯಲ್ಲಿ ನಾನು ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟೆ. ಅವಳು ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದು, ಬಾಲ ಸೇರಿಸಿ, ಓದಿ ತೋರಿಸಿದಳು. ನುಂಗಿಹೋಗಿದ್ದ ಅಕ್ಷರ ಅದರಲ್ಲಿತ್ತು. ಅದೇ ದಿನ ರೊಟ್ಟಿ ಉಪ್ಪಾದದ್ದು.

ಪಕ್ಕದ ಮನೆಯವಳಿಗೆ ಓಡಿಹೋಗಿ ಹೇಳಿದೆ. ಅವಳೂ ನಾನೂ ಒಂದೇ ಸಾಲಿನಲ್ಲಿ ಕೂತು ಬೀಜ ಆರಿಸಿದವರು. ಮನೆಯಲ್ಲಿ ಮಲಯಾಳ ಮಾತಾಡುವವಳು, ನನ್ನನ್ನು ಚೇಚಿ, ಅಂದರೆ ಅಕ್ಕ, ಅನ್ನುತ್ತಾಳೆ.

"ಚೇಚಿ, ನಮ್ದೆಲ್ಲ ಹೆಸ್ರು ಕಲ್ಲಿನ ಮೇಲೆ ಬರೋದು ಸತ್ತ ಮೇಲೆ. ನಿಂದು ಮೊದ್ಲೇ ಬಂತು," ಎಂದಳು. "ಅದೂ ಸತ್ತ ಹುಳದ್ದು."

"ಹೊಟ್ಟೆಕಿಚ್ಚು ನಿಂಗೆ."

"ಇಲ್ಲಾಂತ ಯಾರು ಹೇಳಿದ್ದು? ನಂದು ಮೊಮ್ಮಗಳು ಒಂದು ಸೊಳ್ಳೆಗಾದ್ರೂ ಇಡ್ಲಿಲ್ಲ."

ಅದಾಗಿ ಒಂದು ವಾರಕ್ಕೆ ನಾನು ನೋಡಬಾರದ್ದನ್ನು ನೋಡಿದೆ.

ಬಿಸಿಲು ಚೆನ್ನಾಗಿದ್ದ ಬೆಳಿಗ್ಗೆ. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಳು. ನನ್ನ ಹುಳದ ಫೋಟೋ ಮೇಜಿನ ಮೇಲೆ ಹರವಿಕೊಂಡಿತ್ತು. ನನ್ನ ಹುಳ ಎಂದೇ ಅನ್ನುತ್ತಿದ್ದೆ ಆಗ. ಕನ್ನಡಕ ಹಾಕಿಕೊಂಡು, ಕವಲುಗಳನ್ನು ಬೆರಳಿನಲ್ಲಿ ಎಣಿಸಿಕೊಂಡು ಬಂದೆ. ಒಂದು, ಎರಡು, ಮೂರು, ನಾಲ್ಕು, ಐದು. ದಿನಾ ಎಣಿಸುತ್ತಿದ್ದೆ, ದೇವರ ಪಟಕ್ಕೆ ಕೈಮುಗಿದ ಹಾಗೆ. ಅವತ್ತು ಬೆರಳು ರೆಕ್ಕೆಯ ತುದಿಗೆ ಬಂದು ನಿಂತಿತು. ಅಂಚಿನ ಒಳಗಡೆ, ಕೂದಲೆಳೆಯಷ್ಟು ದೂರದಲ್ಲಿ, ಇನ್ನೊಂದು ಅಂಚಿತ್ತು.

ಬೀಜ ಆರಿಸುವವರಿಗೆ ಇಂಥದ್ದು ಗೊತ್ತು. ಕೆಲವು ಬೀಜ ನೋಡಲು ಬಲು ದೊಡ್ಡದು, ಜರಡಿಯಲ್ಲಿ ಎ ಗ್ರೇಡಿನ ಮೇಲೇ ನಿಲ್ಲುತ್ತದೆ. ಹೊಸದಾಗಿ ಸೇರಿದವಳು ಖುಷಿಯಿಂದ ಒಳ್ಳೆಯ ರಾಶಿಗೆ ಹಾಕುತ್ತಾಳೆ. ಅದು ಒಂದು ಬೀಜವಲ್ಲ. ಒಂದರ ಹೊಟ್ಟೆಯೊಳಗೆ ಇನ್ನೊಂದು ಸೇರಿಕೊಂಡು ಬೆಳೆದದ್ದು. ರೈಟರ್ ಅದಕ್ಕೆ ಎಲಿಫೆಂಟ್ ಅನ್ನುತ್ತಿದ್ದ, ನಾವು ಆನೆ ಬೀಜ ಅನ್ನುತ್ತಿದ್ದೆವು. ಕಂಡುಹಿಡಿಯುವುದು ಅಂಚಿನಲ್ಲಿ. ಅಂಚಿನ ಒಳಗೆ ತೆಳುವಾಗಿ ಇನ್ನೊಂದು ಅಂಚು. ಅಲ್ಲಿಗೆ ಹೆಬ್ಬೆರಳಿನ ಉಗುರು ಕೊಟ್ಟು ಒತ್ತಿದರೆ ಟಪ್ಪೆಂದು ಎರಡಾಗುತ್ತದೆ. ಒಂದು ಚಿಪ್ಪು, ಒಂದು ಗುಳ್ಳೆ, ಎರಡೂ ಕೆಲಸಕ್ಕೆ ಬಾರದವು.

ಕಾಗದಕ್ಕೆ ಉಗುರು ಕೊಟ್ಟು ಏನು ಮಾಡಲಿ. ಕಣ್ಣಿನಲ್ಲೇ ಬಿಡಿಸಿ ನೋಡಿದೆ. ಐದನೆಯ ಕವಲನ್ನು ತುದಿಯಿಂದ ಹಿಂದಕ್ಕೆ ಹಿಡಿದುಕೊಂಡು ಬಂದೆ. ಉಳಿದ ನಾಲ್ಕೂ ಬಂದು ಒಂದೇ ನರಕ್ಕೆ ಕೂಡುತ್ತವೆ. ಐದನೆಯದು ಕೂಡುವ ಜಾಗಕ್ಕೆ ಬಂದು, ಅಲ್ಲಿ ಚೂರು ಮಾಸಿ, ಅದರ ಕೆಳಗೇ ನುಸುಳಿ, ಆಚೆಗೆ ಹೋಗಿ, ಬುಡದ ಕಡೆ ಬೇರೊಂದು ಕಡೆಗೆ ಇಳಿಯುತ್ತದೆ. ಆ ಮಸುಕನ್ನು ಹುಡುಗಿ ಕಲ್ಲಿನ ಸವೆತ ಎಂದುಕೊಂಡಿದ್ದಳು. ಅದು ಕವಲಲ್ಲ. ಕೆಳಗೆ ಇನ್ನೊಂದು ರೆಕ್ಕೆ ಇದೆ. ಮುಂದಿನ ರೆಕ್ಕೆಯೂ ಹಿಂದಿನ ರೆಕ್ಕೆಯೂ ಒಂದರ ಮೇಲೊಂದು ಕೂತು ಒಂದೇ ರೆಕ್ಕೆಯ ಹಾಗೆ ಅಚ್ಚಾಗಿವೆ. ಹಿಂದಿನದರ ನರ ಮುಂದಿನದರ ಲೆಕ್ಕಕ್ಕೆ ಸೇರಿಕೊಂಡಿದೆ.

ಸ್ನಾನದ ಮನೆಯ ಬಾಗಿಲ ಸದ್ದಾಯಿತು. ನಾನು ಕನ್ನಡಕ ತೆಗೆದಿಟ್ಟು ಬೀನ್ಸಿಗೆ ಕೈ ಹಾಕಿದೆ.

ಎರಡು ದಿನ ಹೇಳಲಿಲ್ಲ. ಹೇಳಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ. ಮೂರನೇ ಕ್ಲಾಸಿನವಳಿಗೆ ಏನು ಗೊತ್ತು ಎಂದುಕೊಂಡೆ. ಕಂಪ್ಯೂಟರು, ದೊಡ್ಡ ಓದಿದವರು ಕಾಣದ್ದು ನನಗೆ ಕಂಡೀತೇ ಎಂದುಕೊಂಡೆ. ಸುಳ್ಳು. ಕಂಡಿತ್ತು. ಮಗಳ ಮುಂದೆಯೂ ಬಾಯಿ ಬಿಡಲಿಲ್ಲ. ಹುಳಕ್ಕೆ ಪೂಚಿ ಅನ್ನುವ ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಎಂತ ಚೇಚಿ, ಪೂಚಿ ಯಾವಾಗ ಪೇಪರಿಗೆ ಬರೋದು?" ಎಂದಾಗ, "ಬರುತ್ತೆ ಬಿಡು," ಎಂದೆ. ಮೊಮ್ಮಗಳು ಮುಂದಿನ ಸೋಮವಾರ ಅದನ್ನು ತನ್ನ ಗೈಡಿಗೆ, ಅಂದರೆ ಓದಿಸುವ ಮೇಷ್ಟ್ರಿಗೆ, ಕಳಿಸಬೇಕಿತ್ತು.

ಬೀಜದ ಸಾಲಿನಲ್ಲಿ ನಮಗೊಂದು ಕ್ರಮವಿತ್ತು. ಪ್ರತಿಯೊಬ್ಬಳ ಮುಂದೆ ಒಂದು ಸಣ್ಣ ಅಲ್ಯುಮಿನಿಯಂ ಬಟ್ಟಲು. ಅನುಮಾನದ ಬೀಜ ಅದಕ್ಕೆ. ಒಳ್ಳೆಯದೋ ಕೆಟ್ಟದ್ದೋ ತಿಳಿಯದಿದ್ದರೆ ಒಳ್ಳೆಯ ರಾಶಿಗೆ ಹಾಕುವಂತಿಲ್ಲ, ಬಟ್ಟಲಿಗೇ ಹಾಕಬೇಕು. ಸಂಜೆ ಮೇಸ್ತ್ರಿ ಬಂದು ನೋಡಿ ತೀರ್ಮಾನ ಮಾಡುತ್ತಿದ್ದ. ಒಂದು ಕೆಟ್ಟ ಬೀಜ ಒಳ್ಳೆಯ ರಾಶಿಗೆ ಹೋದರೆ ಆ ರಾಶಿಯೇ ಕೆಟ್ಟಿತು ಎಂದು ನಮ್ಮ ಕೈಗೆ ಕಲಿಸಿದ್ದರು. ಕೈ ಕಲಿತದ್ದು ತಲೆ ಹೇಳಿದರೂ ಮರೆಯುವುದಿಲ್ಲ. ಆ ಎರಡು ದಿನ ಅಕ್ಕಿ ಆರಿಸುವಾಗ ಬೆರಳುಗಳೇ ನನ್ನನ್ನು ಬೈಯುತ್ತಿದ್ದವು.

ಶನಿವಾರ ಅವಳು ಗಾಳಿಬೀಡಿಗೆ ಹೊರಟಳು, ಬದುಕಿರುವ ಚೇಳುನೊಣ ಹಿಡಿದು ರೆಕ್ಕೆ ಹೋಲಿಸಿ ನೋಡಲು. ನಾನೂ ಬರುತ್ತೇನೆ ಎಂದೆ. ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಸ್ವಲ್ಪ ದೂರ ನಡೆದು, ಅವಳ ಪರಿಚಯದವರ ತೋಟದ ಅಂಚಿನ ತೊರೆಗೆ ಇಳಿದೆವು. ಮಳೆ ಬಿಟ್ಟು ಎರಡು ದಿನವಾಗಿತ್ತು. ಜರಿಗಿಡಗಳ ಮೇಲೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು.

"ಅಜ್ಜಿ, ಅಲ್ಲಾಡಬೇಡ. ಅಲ್ಲಿ ನೋಡು."

ಎಲೆಯ ಮೇಲೆ ಕೂತಿತ್ತು. ಚಿಕ್ಕಂದಿನಿಂದ ಇಂಥವು ಎಷ್ಟು ಕಣ್ಣಿಗೆ ಬಿದ್ದಿದ್ದವೋ, ಹತ್ತಿರದಿಂದ ನೋಡಿರಲಿಲ್ಲ. ಕುದುರೆಯ ಹಾಗೆ ಉದ್ದ ಮೂತಿ, ಮೇಲಕ್ಕೆ ಮಡಚಿದ ಕೆಂಪು ಬಾಲ, ಕಪ್ಪು ಮಚ್ಚೆಯ ರೆಕ್ಕೆ. ನಾಲ್ಕು ರೆಕ್ಕೆ ಎಂದಿದ್ದಳು. ನನಗೆ ಮೊದಲು ಕಂಡದ್ದು ಎರಡೇ. ಮುಂದಿನದು ಹಿಂದಿನದರ ಮೇಲೆ ಕೂತಿತ್ತು, ಪೂರ್ತಿ ಮುಚ್ಚಿಯೂ ಇರಲಿಲ್ಲ. ಅಂಚಿನ ಒಳಗೆ ಇನ್ನೊಂದು ಅಂಚು. ಕೆಳಗಿನದರ ನರ ಮೇಲಿನದರ ಮೂಲಕ ಕಾಣುತ್ತಿತ್ತು.

ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಮಗ, ನಿನ್ನ ಕಲ್ಲಿನದು ಆನೆ ಬೀಜ ಕಣೆ."

"ಏನಂದೆ?"

"ಎರಡು ಸೇರಿ ಒಂದಾಗಿದೆ. ಐದನೇದು ಕೆಳಗಿನ ರೆಕ್ಕೇದು. ತುದೀಲಿ ಎರಡು ಅಂಚಿದೆ. ಮೊನ್ನೇನೇ ನೋಡ್ದೆ, ಹೇಳ್ಲಿಲ್ಲ."

ಅವಳು ನನ್ನ ಮುಖ ನೋಡಲಿಲ್ಲ. ಎಲೆಯ ಮೇಲಿನ ಹುಳವನ್ನೇ ನೋಡುತ್ತಾ ನಿಂತಳು. ಬಲೆ ಕೈಯಲ್ಲೇ ಇತ್ತು, ಬೀಸಲಿಲ್ಲ. ಹುಳ ಎದ್ದು ಹೋಯಿತು. ಆಮೇಲೆ ಮೊಬೈಲು ತೆಗೆದು, ಅದರಲ್ಲಿದ್ದ ಕಲ್ಲಿನ ಫೋಟೋ ದೊಡ್ಡದು ಮಾಡಿ, ಬೆರಳಿನಲ್ಲಿ ಸರಿಸುತ್ತಾ ಸರಿಸುತ್ತಾ ತುದಿಗೆ ಹೋದಳು.

"ಹೌದಜ್ಜಿ," ಎಂದಳು. "ಇದು ಎರಡು."

ಮೊಬೈಲು ಚೀಲಕ್ಕೆ ಹಾಕಿ, "ಎಂಟು ತಿಂಗಳಿಂದ ನೋಡ್ತಿದೀನಿ," ಎಂದಳು.

"ನಿಂಗೆ ಐದು ಬೇಕಿತ್ತಲ್ಲ ಮಗ."

"ನಿಂಗೂ ಬೇಕಿತ್ತು."

"ನಂಗೂ ಬೇಕಿತ್ತು."

ಅವಳು ಬೇರೆ ಏನಾದರೂ ಹೇಳಬಹುದಿತ್ತು. ಅಜ್ಜಿಗೆ ಕಣ್ಣು ಮಂಜು ಎನ್ನಬಹುದಿತ್ತು, ಕಲ್ಲು ಸವೆದಿದೆ ಎಂದು ಮತ್ತೆ ಹೇಳಬಹುದಿತ್ತು. ಆ ಗೆರೆಯನ್ನು ಅಷ್ಟು ದೂರದ ದೇಶದ ಕಲ್ಲಿನಲ್ಲಿ ಹೋಗಿ ನೋಡುವವರು ಯಾರು. ಒಂದೇ ಉಸಿರಿಗೆ, ಇದು ಎರಡು ಎಂದಳು. ಬೀಜ ಆರಿಸಿದ ನನ್ನ ಕೈ ಅವಳಿಗೆ ಬಂದಿದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಾನು ಪಕ್ಕದಲ್ಲಿ ಕೂತವರಿಗೆಲ್ಲ ನನ್ನ ಮೊಮ್ಮಗಳು, ನನ್ನ ಮೊಮ್ಮಗಳು ಎಂದು ಹೇಳಬೇಕೆಂದು ತುದಿಗಾಲಿನಲ್ಲಿದ್ದೆ. ಹೇಳುವುದಕ್ಕೆ ಏನೂ ಇರಲಿಲ್ಲ.

ಸೋಮವಾರ ಅವಳು ಗೈಡಿಗೆ ಫೋನು ಮಾಡಿದಳು. ಇಂಗ್ಲಿಷಿನಲ್ಲಿ ಮಾತು, ಬಹಳ ಹೊತ್ತು. ಮಧ್ಯೆ ಒಂದು ಕಡೆ ಅಜ್ಜಿ ಅನ್ನುವ ಮಾತು ಕೇಳಿಸಿತು. ಇಟ್ಟಾದ ಮೇಲೆ ನನಗೆ ವಿವರಿಸಿದಳು. ಎರಡನೆಯ ಕಲ್ಲಿನಲ್ಲಿ ಇರುವುದು ನಾಲ್ಕೇ ಕವಲು. ಮುಂದಂಚಿನ ನರವೂ ಗಿಡ್ಡವೆಂದು ಗಟ್ಟಿಯಾಗಿ ಹೇಳಲಾಗದು, ಅಲ್ಲಿಯೂ ಕೆಳಗಿನ ರೆಕ್ಕೆಯ ಗೆರೆ ಬೆರೆತಿರಬಹುದು. ಹಾಗಾಗಿ ಅದು ಈ ಕುಲಕ್ಕೆ ಸೇರುವುದಿಲ್ಲ. ದೊಡ್ಡ ರಾಶಿಗೆ ಸೇರಿಸೋಣವೆಂದರೆ ಬುಡ ಹೊಂದುವುದಿಲ್ಲ. ಹೊಸದೆಂದು ಹೇಳಲು ಗುರುತು ಸಾಲದು. ಇನ್ನು ಮೊದಲ ಕಲ್ಲು, ಬಿರುಕಿನದು, ಒಂಟಿಯಾಯಿತು. ಅದಕ್ಕೆ ಸಾಕ್ಷಿ ಹೇಳುವವರಿಲ್ಲ.

"ಹಂಗಾದ್ರೆ ಆ ಕುಲ ಹೋಯ್ತಾ?"

"ಬಹುಶಃ ದೊಡ್ಡದರೊಳಗೆ ಸೇರಿಸಿಬಿಡ್ತಾರೆ. ಹಳೆ ಹೆಸರು ಪಟ್ಟಿಯಲ್ಲಿ ಒಂದು ಕಡೆ ಇರುತ್ತೆ, ಯಾರೂ ಕರೆಯಲ್ಲ."

ಒಂದು ಸಲ ಅಳಿದದ್ದು ಸಾಲದೆಂದು ನಾವಿಬ್ಬರೂ ಸೇರಿ ಅದನ್ನು ಇನ್ನೊಂದು ಸಲ ಅಳಿಸಿದ ಹಾಗಾಯಿತು. ಬದುಕಿದ್ದಾಗ ಅದಕ್ಕೆ ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ನಮಗೆ.

"ನನ್ನ ಕಲ್ಲು ಎಲ್ಲಿಗೆ ಹಾಕ್ತೀಯ?" ಎಂದು ಕೇಳಿದೆ.

"ಸ್ಥಾನ ನಿಶ್ಚಯವಾಗಿಲ್ಲ ಅಂತ ಬರೀಬೇಕು. ಗಣ ಗೊತ್ತು, ಅದರಿಂದ ಕೆಳಗೆ ಹೇಳೋಕಾಗಲ್ಲ ಅಂತ."

"ಅನುಮಾನದ ಬಟ್ಟಲು."

"ಅದೇ ಅಜ್ಜಿ. ಮುಂದೆ ಇನ್ನೊಂದು ಒಳ್ಳೆ ಕಲ್ಲು ಸಿಕ್ಕಿದರೆ ತೆಗೆದು ನೋಡ್ತಾರೆ."

ನಾನು ಹೂಂ ಎಂದೆ. ಇಪ್ಪತ್ತಾರು ವರ್ಷ ಆ ಬಟ್ಟಲು ನನ್ನ ಮುಂದಿತ್ತು. ಸಂಜೆ ಮೇಸ್ತ್ರಿ ಬಂದು ಬೆರಳಾಡಿಸಿ ನೋಡುತ್ತಿದ್ದ, ಅವನಿಗೂ ಮನೆಗೆ ಹೋಗುವ ಅವಸರ. ಬಟ್ಟಲಿನಿಂದ ಒಳ್ಳೆಯ ರಾಶಿಗೆ ವಾಪಸ್ಸು ಹೋದ ಒಂದು ಬೀಜವನ್ನೂ ನಾನು ಕಂಡಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ. ಅವಳ ಪ್ರಬಂಧದ ಆ ಅಧ್ಯಾಯ ಪೂರ್ತಿ ಹೊಸದಾಗಿ ಬರೆಯಬೇಕು, ಇನ್ನೂ ಒಂದು ವರ್ಷ ಹಿಡಿಯುತ್ತದೆ ಎಂದು ಅವಳೇ ಹೇಳಿದ್ದಳು. ಬರೆದರೂ ಅದರಲ್ಲಿ ಸಿಗುವುದು ಅದೂ ಅಲ್ಲ, ಇದೂ ಅಲ್ಲ ಎನ್ನುವ ಮಾತುಗಳೇ.

ಅವಳು ಹೊರಡುವ ದಿನ ಮೇಜು ಒರೆಸುವಾಗ ಆ ಚೀಟಿ ಸಿಕ್ಕಿತು. ಮೇಲೆ ನನ್ನ ದಪ್ಪ ಅಕ್ಷರ, ಕೆಳಗೆ ಅವಳ ಇಂಗ್ಲಿಷು, ಕೊನೆಗೆ ಬಾಲ.

"ಇನ್ನೊಂದು ಹುಳ ಸಿಗುತ್ತೆ ಅಜ್ಜಿ," ಎಂದಳು, ಚೀಲದ ಜಿಪ್ಪು ಎಳೆಯುತ್ತಾ.

"ಸಿಗಲಿ," ಎಂದೆ.

ಬೇಲಿಯಾಚೆಯಿಂದ ಪಕ್ಕದ ಮನೆಯವಳು ಕೂಗಿದಳು, "ಚೇಚಿ, ಪೂಚಿ ಏನಾಯ್ತು ಕಡೇಗೆ?"

"ಆನೆ ಬೀಜ ಕಣೆ ಅದು," ಎಂದೆ.

ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. "ಅಯ್ಯೋ," ಎಂದಷ್ಟೇ ಹೇಳಿ ಬಟ್ಟೆ ಹಿಂಡುತ್ತಾ ನಿಂತಳು.

ಕೆಲಸ ಬಿಟ್ಟ ದಿನ ನಾನು ನನ್ನ ಅಲ್ಯುಮಿನಿಯಂ ಬಟ್ಟಲನ್ನು ಮನೆಗೆ ತಂದಿದ್ದೆ. ಅದರಲ್ಲಿ ಈಗ ಗುಂಡಿ, ಸೂಜಿ, ದಾರದ ಉಂಡೆ ಇವೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅದಕ್ಕೆ ಹಾಕಿದೆ. ಅಲ್ಲೇ ಇದೆ. ಸಂಜೆಯಾದರೆ ಬಂದು ನೋಡಲು ಇಲ್ಲಿ ಮೇಸ್ತ್ರಿಯೂ ಇಲ್ಲ.